ತವರಿನ ಕೆರೆಯ ಮೊರ

ಹಗರೆಯಿಂದ ಒಳಕ್ಕೆ ನಡೆದರೆ ಸಿಗುವ ಊರಿನಲ್ಲಿ ನಂಜಪ್ಪನ ಹೆಂಡತಿ ಮಹದೇವಮ್ಮನಿಗೆ ಪುಕ್ಕಲಮ್ಮ ಎಂದೇ ಹೆಸರು. ಬಸ್ಸು ತಡವಾದರೆ ಮಗುಚಿಕೊಂಡಿತು ಅನ್ನುವಳು, ಹಸು ಮೇವು ಬಿಟ್ಟರೆ ಸತ್ತೇ ಹೋಯಿತೆಂದು ಅಳುವಳು. ಅಂಥವಳು ಜನ್ಮದಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿದಳು. ಅದೇ ಅವಳ ಕುತ್ತಿಗೆಗೆ ಬಂತು ನೋಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ಕೆರೆ ಎರಡು ವರ್ಷ ಅರೆಬರೆ ತುಂಬಿ, ಏರಿಯ ಕೆಳಗಿದ್ದ ಅವರ ತೆಂಗಿನ ತೋಟದ ಬಾವಿ ಬೇಸಗೆಯಲ್ಲಿ ತಳ ಕಂಡಿತ್ತು. ಕೆರೆಯಲ್ಲಿ ನೀರು ನಿಂತಷ್ಟು ದಿನ ತಾನೆ ಬಾವಿಗೂ ಒರತೆ! “ತುಂಬಿದ್ ನೀರು ಕೋಡೀಲಿ ಹರ್ದು ಕೆಳಗಿನೂರಿಗೆ ಹೋಗಾದ್ನ ನೋಡ್ಕಂಡ್ ಕೂತಿರ್ತೀರಲ್ಲ, ನಿಮಗೇನ್ ಕೈಯಿಲ್ವಾ?” ಎಂದು ಗಂಡಸರ ತಲೆ ತಿಂದಳು. ಸರಿ, ಎಲ್ಲರೂ ಸೇರಿ ಕೋಡಿಗೆ ಅಡ್ಡಲಾಗಿ ಮೊಳದೆತ್ತರ ಕಲ್ಲು ಮಣ್ಣು ಪೇರಿಸಿದರು. ಅವಳೂ ಬುಟ್ಟಿ ಹೊತ್ತಳು. ಆ ಮಳೆಗಾಲ ನೀರು ಆ ಮಣ್ಣಿನ ಅರ್ಧಕ್ಕೆ ಬಂದು ನಿಂತಿತು. ಊರು ಅವಳನ್ನು ಹೊಗಳಿದ್ದೇ ಹೊಗಳಿದ್ದು.

ಮಗಳು ಲಲಿತಮ್ಮ ಆಗ ಹೆರಿಗೆಗೆ ಬಂದಿದ್ದಳು. ಹಸಿ ಬಾಣಂತಿಗೆ ಊರಿನ ಗದ್ದಲ ಬೇಡವೆಂದು ಅವಳನ್ನೂ ಕೂಸನ್ನೂ ತೋಟದ ಮನೆಯಲ್ಲಿ, ಏರಿಯ ಬುಡದಲ್ಲೇ ಇಟ್ಟಿದ್ದರು.

ಒಂದು ಬೆಳಗ್ಗೆ, ಚುರುಚುರು ಬಿಸಿಲು. ಹಳ್ಳ ಬಂದು ಕೆರೆ ಸೇರುವಲ್ಲಿ ಮಹದೇವಮ್ಮ ಬಾಣಂತಿಯ ಬಟ್ಟೆ ಒಗೆಯುತ್ತಿದ್ದಳು. ನೋಡನೋಡುತ್ತ ನೀರು ಕೆಂಪಗಾಯಿತು, ಅದರ ಮೇಲೆ ಒಂದು ಮೊರ ತೇಲಿ ಬಂತು. ಅಂಚಿಗೆ ಅರಿಶಿನ, ಮೇಲೆ ಕೆಂಪು ಸೀರೆಸೆರಗಿನ ಕಟ್ಟು. ತವರಿನಲ್ಲಿದ್ದ ಅತ್ತಿಗೆ ಗುರುಸಿದ್ದಮ್ಮನ ಕೈಯದ್ದೇ. ಮಹದೇವಮ್ಮನ ಆ ತವರೂರಿನ ಕೆರೆ ಇದೇ ಹಳ್ಳದ ಮೇಲ್ಗಡೆ ಇತ್ತು. ಅದು ಕೋಡಿ ಬಿದ್ದ ದಿನ ಮಾತ್ರ ಅಲ್ಲಿನ ಹೆಂಗಸರು ಗಂಗೆಗೆ ಬಾಗಿನ ತೇಲಿಬಿಡುವರು. ಬೇರೆ ವರ್ಷವಾಗಿದ್ದರೆ ಆ ಮೊರ ಕಂಡು ಕುಣಿಯುತ್ತಿದ್ದಳು. ಈಗ ಕೈಯಲ್ಲಿದ್ದ ಬಟ್ಟೆ ಜಾರಿಹೋಯಿತು. ಇಲ್ಲಿ ಹನಿ ಬಿದ್ದಿಲ್ಲ, ಮೇಲೆ ಗುಡ್ಡದ ಕಡೆ ಸುರಿದಿದೆ. ಆ ಕೆರೆ ಹಿಡಿಯಲಾರದ್ದೆಲ್ಲ ಈಗ ಇಲ್ಲಿಗೆ ಬರುತ್ತಿದೆ. ಇಲ್ಲಿ ಕೋಡಿ ಮುಚ್ಚಿದೆ. ನೀರು ಏರಿಯ ಮೇಲೆಯೇ ಹತ್ತಬೇಕು, ಹತ್ತಿದರೆ ಮಣ್ಣಿನ ಏರಿ ನಿಲ್ಲುತ್ತದೆಯೆ? ಅಯ್ಯೋ ಶಿವನೇ, ಕೆಳಗೆ ಕೂಸು!

ಮೊರ ಹಿಡಿದು ಅರಳಿಕಟ್ಟೆಗೆ ಓಡಿದಳು. “ಮೇಲಿನ ಕೆರೆ ಕೋಡಿ ಬಿದ್ದೈತೆ, ಮಣ್ಣು ತೆಗೀರೋ!”

ಊರ ಹಿರಿಯ ಕರಿಬಸವಯ್ಯ ಗೊಳ್ಳೆಂದು ನಕ್ಕ. “ತವರಿಂದ ಬಾಗಿನ ಬಂದ್ರೂ ಅಳ್ತೀಯಲ್ಲೇ ಪುಕ್ಕಲಮ್ಮ! ಮೋಡ ಎಲ್ಲೈತೆ ತೋರ್ಸು?”

ನಂಜಪ್ಪ ನಗಲಿಲ್ಲ. ಹೆಂಡತಿಯ ಮುಖ ನೋಡಿದ. “ನೀವು ಮಗೀನೂ ಬಾಣಂತೀನೂ ಮೇಲಕ್ಕೆ ಕರ್ಕಂಡ್ ಬನ್ನಿ, ದಮ್ಮಯ್ಯ” ಎಂದಳು. ಅವನು ಓಡಿದ. ಅವಳು ಗುದ್ದಲಿ ಎತ್ತಿಕೊಂಡು ಕೋಡಿಗೆ ಓಡಿದಳು.

ನೀರು ಆಗಲೇ ಮಣ್ಣಿನ ನೆತ್ತಿ ತೋಯಿಸುತ್ತಿತ್ತು. ಬೇಸಗೆಯಲ್ಲಿ ಬಾವಿ ಮತ್ತೆ ತಳ ಕಾಣುತ್ತದೆಂದು ಗೊತ್ತಿದ್ದೂ ಅಗೆದಳು. ತಾನೇ ತುಳಿದು ಗಟ್ಟಿ ಮಾಡಿದ ಮಣ್ಣು, ಹಾಳಾದ್ದು ಬಿಡಲೊಲ್ಲದು. ತಮಾಷೆ ನೋಡಲು ಬಂದ ಕರಿಬಸವಯ್ಯ ನೀರು ಕಂಡವನೇ ಪಂಚೆ ಎತ್ತಿಕಟ್ಟಿ ಹಾರೆ ಹಿಡಿದ. ಕಟ್ಟು ಕಿತ್ತು ನೀರು ಮೊಣಕಾಲೆತ್ತರ ನುಗ್ಗಿತು. ಏರಿಯಾಚೆಯ ದಿಬ್ಬದ ಮೇಲೆ ಕಂಬಳಿ ಹೊದ್ದ ಲಲಿತಮ್ಮ ಕೂಸನ್ನು ಅವುಚಿಕೊಂಡು ಕೂತಿದ್ದಳು. ಏರಿ ನಿಂತಿತು.

“ಬದುಕಿದ್ವಿ ಕಣವ್ವಾ” ಎಂದ ಕರಿಬಸವಯ್ಯ.

ಮಹದೇವಮ್ಮ ಕೆಳಗಿನ ಹಳ್ಳದ ಕಡೆ ತಿರುಗಿದಳು. ಈ ನೀರೆಲ್ಲ ಈಗ ಕೆಳಗಿನೂರ ಕೆರೆಗೆ. “ಅವರೂ ನಮ್ಮಂಗೇ ಮಣ್ಣು ಹಾಕಿದ್ರೆ?”

ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಸುದ್ದಿ ಮುಟ್ಟಿಸಲು ನಂಜಪ್ಪ ಆಗಲೇ ಸೈಕಲ್ ತರಲು ಹೊರಟಿದ್ದ. ಆದರೆ ನೀರು ಸೈಕಲ್ಲಿಗೆ ಕಾಯುತ್ತದೆಯೆ? ಅವಳು ಅತ್ತಿಗೆಯ ಮೊರವನ್ನು ಕಣ್ಣಿಗೊತ್ತಿಕೊಂಡು ಕೋಡಿಯ ನೀರಿಗೆ ಬಿಟ್ಟಳು. ಅದು ಒಂದು ಸುತ್ತು ತಿರುಗಿ ಕೆಳಗಿನ ಹಳ್ಳಕ್ಕೆ ಇಳಿಯಿತು.

“ಅಲ್ಲಿ ಯಾವಳಾದ್ರೂ ಬಟ್ಟೆ ಒಗೀತಿರ್ಲಿ, ತಾಯಿ” ಎಂದಳು.