ಮೂರು ಗಂಟೆ ಸೊನ್ನೆ ಸೆಕೆಂಡು

ನಮ್ಮ ಪಕ್ಕದ ಮನೆಯವನು ಗಡಿಯಾರ ರಿಪೇರಿ ಮಾಡುತ್ತಾನೆ. ಬೆನ್ನ ಹಿಂದೆ ಬೀದಿಯವರು ಇಟ್ಟ ಹೆಸರು ಸೆಕೆಂಡು ಮುಳ್ಳು. ಎದುರಿಗೆ ಸಿಕ್ಕರೆ ಒಂದಿಷ್ಟು ಗೌರವ ಬೆರೆಸಿ ಮುಳ್ಳಣ್ಣ. ಯಾರಾದರೂ ಸುಮ್ಮನೆ ಮಾತಿಗೆ ಟೈಮ್ ಎಷ್ಟು ಅಂದರೆ, ‘ನಾಲ್ಕೂ ಹನ್ನೆರಡು, ನಲವತ್ತು ಸೆಕೆಂಡು... ನೀವು ಕೇಳಿಸ್ಕೊಳ್ಳೋ ಹೊತ್ತಿಗೆ ನಲವತ್ತಮೂರು’ ಎನ್ನುವ ಆಸಾಮಿ. ಹೆಂಡತಿಯ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ, ನೋವು ಎಷ್ಟು ಹೊತ್ತಿಗೊಮ್ಮೆ ಬರ್ತಿದೆ ಎಂದು ನರ್ಸು ಕೇಳಿದ್ದಕ್ಕೆ ಜೇಬಿನಿಂದ ಎರಡು ಹಾಳೆಯ ಪಟ್ಟಿ ತೆಗೆದುಕೊಟ್ಟನಂತೆ. ಆ ನರ್ಸು ಪಟ್ಟಿಯನ್ನು ನೋಡುವುದು ಬಿಟ್ಟು ಇವನನ್ನೇ ನೋಡಿದಳು ಎಂದು ಅವನ ಹೆಂಡತಿ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಅವನಿಗೊಬ್ಬ ತಮ್ಮ. ಟಿವಿಯಲ್ಲಿ ಭಾನುವಾರ ಮೂರರಿಂದ ಐದರವರೆಗೆ ಬರುತ್ತಿದ್ದ ಕುಸ್ತಿ ಕಾರ್ಯಕ್ರಮದಲ್ಲಿ ಅವನು ಸಿಡಿಲು. ನೀಲಿ ಮುಖವಾಡ, ನೀಲಿ ಚಡ್ಡಿ. ಹೆಸರು ಸಿಡಿಲಾದರೂ ಬೀಳುವುದಷ್ಟೇ ಅವನ ಕೆಲಸ. ಗೆಲ್ಲುವವರು ಗೆದ್ದಂತೆ ಕಾಣಬೇಕಾದರೆ ಚೆನ್ನಾಗಿ ಸೋಲುವವನೊಬ್ಬ ಬೇಕಲ್ಲ? ಹನ್ನೊಂದು ವರ್ಷ ಚೆನ್ನಾಗಿ ಸೋತ. ಯಾರು ಯಾರನ್ನು ಎತ್ತಿ ಒಗೆಯಬೇಕೆಂದು ಒಬ್ಬ ಮೊದಲೇ ಬರೆದುಕೊಡುತ್ತಿದ್ದ. ಬರೆದದ್ದು ಸುಳ್ಳಾದರೂ ಬಿದ್ದ ಮಂಡಿ ನಿಜದ್ದು. ಮೂವತ್ತೊಂಬತ್ತಕ್ಕೇ ಮೆಟ್ಟಿಲನ್ನು ಅಡ್ಡಡ್ಡಲಾಗಿ ಇಳಿಯುವ ಸ್ಥಿತಿಗೆ ಬಂದಿದ್ದ.

ಒಂದು ದಿನ ಅವನ ಫೋನು ಬಂತು.

“ಅಣ್ಣಾ, ಈ ಸೀಸನ್ ಮುಗಿಯೋದ್ರೊಳಗೆ ನೋಡೋರು ಜಾಸ್ತಿ ಆಗ್ಲಿಲ್ಲ ಅಂದ್ರೆ ನಮ್ಮ ಕುಸ್ತಿ ಅಂಗಡಿ ಬಾಗಿಲು ಹಾಕ್ತಾರಂತೆ.”

“ನಿನಗೆ ಅಷ್ಟೊಂದು ಅಭಿಮಾನಿಗಳಿದ್ದಾರಲ್ಲೋ? ನೀಲಿ ಮುಖವಾಡ ಹಾಕ್ಕೊಂಡು ಬಂದು ಕಿರುಚ್ತಾರೆ!”

“ಅವರೆಲ್ಲ ಸೇರಿದ್ರೆ ಒಂದು ಬಸ್ ತುಂಬುತ್ತೆ ಅಷ್ಟೆ. ಸತ್ರೂ ನಮ್ಮನ್ನ ಬಿಡಲ್ಲ, ಆದ್ರೆ ಎರಡನೇ ಬಸ್ ಬರಲ್ಲ. ಈಗ ಬೇಕಾಗಿರೋದು ಸುಮ್ಸುಮ್ನೆ ನೋಡೋರು. ಬಟ್ಟೆ ಮಡಚ್ತಾ ಮಡಚ್ತಾ ಅರ್ಧ ಗಂಟೆ ನಿಂತ್ಕೋತಾರಲ್ಲ, ಅಂಥೋರು. ಇದು ಹೋದ್ರೆ ನಾನೆಲ್ಲಿಗೆ ಹೋಗ್ಲಿ? ಬೀಳೋದು ಬಿಟ್ರೆ ಇನ್ನೊಂದು ವಿದ್ಯೆ ಗೊತ್ತಿಲ್ಲ ನಂಗೆ.”

ಸುಮ್ಮಸುಮ್ಮನೆ ನೋಡುವವರನ್ನು ಹುಡುಕಿಕೊಂಡು ಮುಳ್ಳಣ್ಣ ಟೀ ಅಂಗಡಿಗೆ ಹೋದ. ಅಲ್ಲಿ ಅಂಥವರಿಗೇನೂ ಬರವಿರಲಿಲ್ಲ.

“ಆ ಕುಸ್ತಿನಾ? ಚಾನೆಲ್ ತಿರುಗಿಸುವಾಗ ಕಣ್ಣಿಗೆ ಬಿದ್ದಿದೆ,” ಎಂದ ಮೆಡಿಕಲ್ ಶಾಪಿನವನು. “ನೀಲಿ ಮುಖವಾಡದೋನು ಒಬ್ಬ ಇದ್ದಾನಲ್ಲ, ವಾರವಾರ ಒದೆ ತಿಂತಾನೆ. ಅವನಿಗೆ ಮಾನ ಮರ್ಯಾದೆ ಅನ್ನೋದು ಇಲ್ವಾ ಮುಳ್ಳಣ್ಣ?”

ಮುಳ್ಳಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದ.

ಇದಾಗಿ ಹದಿನೈದು ದಿನಕ್ಕೆ ಅವನ ಮನೆ ಬಾಗಿಲಿಗೆ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಬಂದ. ಯಾವ ಮನೆಯವರು ಟಿವಿಯಲ್ಲಿ ಏನು ನೋಡುತ್ತಾರೆಂದು ಅಳೆಯುವ ಕಂಪನಿಯವನು. ಇವರ ಮನೆ ಆಯ್ಕೆಯಾಗಿದೆ, ಒಪ್ಪಿದರೆ ಟಿವಿಯ ಪಕ್ಕ ಒಂದು ಕರಿ ಡಬ್ಬಿ ಇಡುತ್ತಾರೆ. ಜೊತೆಗೊಂದು ರಿಮೋಟು, ಅದರಲ್ಲಿ ಮನೆಯವರಿಗೆ ಒಬ್ಬೊಬ್ಬರಿಗೆ ಒಂದು ಗುಂಡಿ. ನೋಡಲು ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಯಾರಿಗೂ ಹೇಳಕೂಡದು. ಮೊದಲು ಹೇಗೆ ನೋಡುತ್ತಿದ್ದರೋ ಹಾಗೇ ನೋಡಬೇಕು.

“ನಿಮ್ಮ ಕುಟುಂಬದಲ್ಲಿ ಟಿವಿಯವರ ಹತ್ರ ಕೆಲಸ ಮಾಡೋರು ಯಾರಾದ್ರೂ ಇದ್ದಾರಾ?”

“ಇಲ್ಲ,” ಎಂದ ಮುಳ್ಳಣ್ಣ. ಅವನ ಪ್ರಕಾರ ಅದು ಸುಳ್ಳಲ್ಲ. ತಮ್ಮ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ, ಬೀಳುತ್ತಿದ್ದ.

“ಇಂಥ ಒಂದು ಮನೆ ಸಾವಿರಾರು ಮನೆಗೆ ಸಮ,” ಎಂದು ಹೇಳಿ ಕಂಪನಿಯವನು ಹೊರಟುಹೋದ. ಅವತ್ತಿನಿಂದ ಮುಳ್ಳಣ್ಣನ ನಡಿಗೆಯೇ ಬೇರೆ. ಅವನು ರಸ್ತೆ ದಾಟಿದರೆ ಒಂದು ಊರೇ ರಸ್ತೆ ದಾಟಿದ ಹಾಗೆ. ಮೆಡಿಕಲ್ ಶಾಪಿನವನನ್ನು ನೋಡಿ ಒಂದು ನಗು ನಗುತ್ತಿದ್ದ. ತಲೆನೋವಿನ ಮಾತ್ರೆ ಕೊಳ್ಳುವಾಗ ಯಾರೂ ಹಾಗೆ ನಗುವುದಿಲ್ಲ.

ತೊಂದರೆ ಒಂದೇ. ಭಾನುವಾರ ಮೂರು ಗಂಟೆಗೆ ಇನ್ನೊಂದು ಚಾನೆಲ್‌ನಲ್ಲಿ ಹಾಡಿನ ಸ್ಪರ್ಧೆ. ಅವನ ಹೆಂಡತಿ, ಕಾಲೇಜಿನ ಮಗಳು, ಬೀದಿಯವರೆಲ್ಲ ದೊಡ್ಡಮ್ಮ ಎನ್ನುವ ಅವನ ತಾಯಿ, ಮೂವರಿಗೂ ಅದಿಲ್ಲದೆ ಭಾನುವಾರವೇ ಇಲ್ಲ. ಕುಸ್ತಿ ಹಾಕಿದ ಮೊದಲ ವಾರವೇ ಮೂವರೂ ಎದ್ದು ನಮ್ಮ ಮನೆಗೆ ಬಂದರು. ದೊಡ್ಡಮ್ಮ ನಮ್ಮ ಸೋಫಾದಲ್ಲಿ ಕಾಲು ಮಡಚಿ ಕೂತು ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

“ಯಾರಿಗೂ ಹೇಳ್ಬೇಡ ಕಣೇ. ನಾವು ಮೂರೂ ಜನ ಈಗ ನಮ್ಮನೇಲಿ ಕೂತು ಕುಸ್ತಿ ನೋಡ್ತಿದ್ದೀವಿ.”

“ಅಲ್ಲ ದೊಡ್ಡಮ್ಮ, ನಿಮ್ಮ ಮಗನೇ ಅಲ್ವಾ ಅದರಲ್ಲಿರೋದು? ಒಂದು ಸಲನಾದ್ರೂ ನೋಡ್ಬಾರ್ದಾ?”

“ಹನ್ನೊಂದು ವರ್ಷದಿಂದ ನೋಡಿಲ್ಲ. ಹೆತ್ತೋಳು ನಾನು. ಬಿದ್ದಾಗ ಎತ್ಕೊಂಡೇ ಅಭ್ಯಾಸ.”

ಇತ್ತ ಮುಳ್ಳಣ್ಣ ಒಬ್ಬನೇ. ಮೂರಕ್ಕೆ ಐದು ನಿಮಿಷವಿರುವಾಗ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, ರಿಮೋಟು ಹಿಡಿದು ಕೂರುತ್ತಿದ್ದ. ಸರಿಯಾಗಿ ಮೂರಕ್ಕೆ ತನ್ನ ಗುಂಡಿ, ಆಮೇಲೆ ಹೆಂಡತಿಯದು, ತಾಯಿಯದು, ಮಗಳದು. ಐದಕ್ಕೆ ಅದೇ ಸರದಿಯಲ್ಲಿ ಎಲ್ಲರನ್ನೂ ಎಬ್ಬಿಸುತ್ತಿದ್ದ. ನಡುವಿನ ಎರಡು ಗಂಟೆ ತಮ್ಮ ಬೀಳುವುದನ್ನು ನೋಡಲು ಮಾತ್ರ ಅವನಿಂದಲೂ ಆಗುತ್ತಿರಲಿಲ್ಲ. ಮೊದಲೆರಡು ವಾರ ಟಿವಿಗೆ ಬೆನ್ನು ಹಾಕಿ ಯಾರದೋ ಅಲಾರಂ ಬಿಚ್ಚಿಕೊಂಡು ಕೂತ. ಆಮೇಲೆ ಧ್ವನಿಯೂ ತಡೆಯಲಾರದೆ ಹಿತ್ತಲ ಮೆಟ್ಟಿಲಿಗೆ ಹೋದ. ಒಳಗೆ ಖಾಲಿ ಕೋಣೆಯಲ್ಲಿ ತಮ್ಮ ಬೀಳುತ್ತಿದ್ದ, ನಾಲ್ಕು ಖಾಲಿ ಕುರ್ಚಿ ನೋಡುತ್ತಿದ್ದವು.

ಹತ್ತನೆಯ ಭಾನುವಾರ ದೊಡ್ಡಮ್ಮನಿಗೆ ಕಾಲುನೋವು. ನಮ್ಮ ಮನೆಗೆ ಬರಲಿಲ್ಲ. ಮುಳ್ಳಣ್ಣ ಹಿತ್ತಲಲ್ಲಿ, ಅವನ ಫೋನು ಮೇಜಿನ ಮೇಲೆ. ಅದು ಬಡಿದುಕೊಂಡಾಗ ದೊಡ್ಡಮ್ಮನೇ ಕುಂಟುತ್ತ ಬಂದು ಎತ್ತಿಕೊಂಡರು. ಯಾರೋ ಹುಡುಗಿ, ಬಹಳ ನಯವಾಗಿ, ಈಗ ಟಿವಿ ಯಾರ್ಯಾರು ನೋಡ್ತಿದ್ದೀರಮ್ಮ ಎಂದು ಕೇಳಿದಳು.

“ಯಾರೂ ಇಲ್ಲಮ್ಮ. ಸೊಸೆ, ಮೊಮ್ಮಗಳು ಪಕ್ಕದ ಮನೇಲಿ ಹಾಡು ನೋಡ್ತಿದ್ದಾರೆ. ಮಗ ಹಿತ್ತಲಲ್ಲಿದ್ದಾನೆ. ನಾನು ಅಡುಗೆಮನೇಲಿದ್ದೆ.”

“ಮತ್ತೆ ಟಿವಿ ಯಾಕೆ ಹಾಕಿದ್ದೀರಿ?”

“ನನ್ನ ಚಿಕ್ಕ ಮಗ ಅದರಲ್ಲಿ ಹೊಡೆಸ್ಕೊಳ್ತಾನಮ್ಮ. ಹೇಗೆ ನೋಡ್ಲಿ, ನೀನೇ ಹೇಳು.”

ಮುಳ್ಳಣ್ಣ ಒಳಗೆ ಬಂದಾಗ ದೊಡ್ಡಮ್ಮ ಖುಷಿಯಲ್ಲಿದ್ದರು. “ಯಾರೋ ಒಳ್ಳೇ ಹುಡುಗಿ ಕಣೋ ಫೋನ್ ಮಾಡಿದ್ಲು. ನಿನ್ನ ತಮ್ಮನ ವಿಷಯ ಹೇಳ್ದೆ. ಪಾಪ, ಒಂದೊಂದೇ ಕೇಳಿ ಬರ್ಕೊಂಡ್ಲು.”

ಮಂಗಳವಾರ ಕಂಪನಿಯವನು ಸ್ಕ್ರೂಡ್ರೈವರ್ ಹಿಡಿದು ಬಂದ. ಮುಳ್ಳಣ್ಣ ಅವನ ಕೈ ಹಿಡಿದುಕೊಂಡ.

“ಸ್ವಾಮಿ, ನಮ್ಮ ತಾಯಿಗೆ ವಯಸ್ಸಾಗಿದೆ. ಏನೋ ಬಾಯಿಗೆ ಬಂದಿದ್ದು ಹೇಳಿದ್ದಾರೆ. ಇನ್ನು ಮೂರೇ ಮೂರು ವಾರ ಬಿಡಿ. ಸೀಸನ್ ಮುಗಿದ ತಕ್ಷಣ ನಾನೇ ಬಿಚ್ಚಿ ತಂದುಕೊಡ್ತೀನಿ.”

“ಅಮ್ಮನ್ನ ಯಾಕೆ ಅಂತೀರಿ? ಇಲ್ಲಿ ನೋಡಿ.” ಅವನು ಒಂದು ಹಾಳೆ ಬಿಡಿಸಿದ. “ಒಂದನೇ ಗುಂಡಿ ಮೂರು ಗಂಟೆ ಸೊನ್ನೆ ಸೆಕೆಂಡು. ಎರಡನೇದು ಒಂದು ಸೆಕೆಂಡು. ಮೂರನೇದು ಎರಡು, ನಾಲ್ಕನೇದು ಮೂರು. ಹತ್ತು ವಾರಾನೂ ಹೀಗೇ. ನಡುವೆ ಯಾರೂ ನೀರು ಕುಡಿಯೋಕೆ ಎದ್ದಿಲ್ಲ, ಜಾಹೀರಾತು ಬಂದಾಗ ಚಾನೆಲ್ ತಿರುಗಿಸಿಲ್ಲ. ಮನುಷ್ಯರು ಹೀಗೆ ಟಿವಿ ನೋಡ್ತಾರಾ ಸ್ವಾಮಿ?”

“ನಾನು ಗಡಿಯಾರದೋನು,” ಎಂದ ಮುಳ್ಳಣ್ಣ. ಅವನ ಜೀವಮಾನದ ಹೆಮ್ಮೆಯೆಲ್ಲ ಇದ್ದ ಮಾತು ಅದು; ಅವತ್ತು ತಪ್ಪೊಪ್ಪಿಗೆಯ ಹಾಗೆ ಬಂತು. ಆಮೇಲೆ ಕೇಳಿದ, “ಒಂದಾದ್ರೂ ಭಾನುವಾರ ಲೆಕ್ಕಕ್ಕೆ ಸೇರಿತ್ತಾ?”

“ಮೂರನೇ ವಾರಕ್ಕೇ ನಿಮ್ಮನೇನ ಲೆಕ್ಕದಿಂದ ತೆಗೆದಿದ್ರು. ಹಿಂದಿನ ಎರಡನ್ನೂ ಹೊಡೆದುಹಾಕಿದ್ರು. ಫೋನ್ ಮಾಡಿದ್ದು ಖಾತ್ರಿಗೆ ಅಷ್ಟೆ.”

ಡಬ್ಬಿ ಹೋದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿಯಿತು.

ಸೀಸನ್ ಮುಗಿದ ಮೇಲೆ ಕುಸ್ತಿ ಇರುವುದಿಲ್ಲವೆಂದು ಮುಂದಿನ ವಾರವೇ ಗೊತ್ತಾಯಿತು. ಒಂದು ಡಬ್ಬಿಯಿಂದ ಅಂಥ ಕಾರ್ಯಕ್ರಮ ಉಳಿಯುವುದೂ ಇಲ್ಲ ಮುಳುಗುವುದೂ ಇಲ್ಲ ಎಂದು ನಾನು ಎಷ್ಟೋ ಹೇಳಿದೆ. ಒಂದು ಊರಿನಷ್ಟು ದೊಡ್ಡವನಾಗಿ ಎರಡೂವರೆ ತಿಂಗಳು ನಡೆದಾಡಿದವನಿಗೆ, ತಾನು ಯಾವ ಲೆಕ್ಕಕ್ಕೂ ಇರಲಿಲ್ಲ ಎನ್ನುವುದಕ್ಕಿಂತ ತಾನೇ ಮುಳುಗಿಸಿದೆ ಎಂದುಕೊಳ್ಳುವುದೇ ಹಗುರವೋ ಏನೋ. “ಎರಡು ಸೆಕೆಂಡು ಆಚೀಚೆ ಒತ್ತಿದ್ರೆ ಆಗ್ತಿತ್ತು. ಎರಡೇ ಸೆಕೆಂಡು,” ಎಂದು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದ. ಅಂಗಡಿಗೆ ಹೋಗುವುದು ತಡವಾಗತೊಡಗಿತು. ಅವನು ಬಾಗಿಲು ತೆಗೆಯುವುದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಟೀ ಅಂಗಡಿಯವನು ಒಂದು ವಾರ ತಪ್ಪು ಟೈಮಿನಲ್ಲೇ ಬದುಕಿದ.

ಕೊನೆಯ ಕಂತು ಮೊದಲೇ ಚಿತ್ರೀಕರಣವಾಗಿದ್ದರಿಂದ, ಅದು ಬರುವ ಭಾನುವಾರ ತಮ್ಮ ಒಂದು ಚೀಲ ಹಿಡಿದುಕೊಂಡು ಅಣ್ಣನ ಮನೆಗೇ ಬಂದಿದ್ದ. ಮುಖವಾಡ ಕುಸ್ತಿ ಕಂಪನಿಯದಂತೆ, ವಾಪಸು ಇಸಿದುಕೊಂಡಿದ್ದರು. ಅದಿಲ್ಲದೆ ಅವನು ಯಾರೆಂದು ಗೊತ್ತಿರುವವರು ಈ ಲೋಕದಲ್ಲಿ ಅವನ ಮನೆಯವರು ಮಾತ್ರ. ಒಂದು ಗೋದಾಮಿನ ಕಾವಲು ಕೆಲಸಕ್ಕೆ ಕೇಳಲು ಹೋಗಿದ್ದನಂತೆ. ಇಷ್ಟು ದಿನ ಏನು ಮಾಡ್ತಿದ್ದೆ ಅಂದರು. ಸಿಡಿಲು ನಾನೇ ಅಂದ. ಯಾವ ಸಿಡಿಲು ಅಂದರು. ಆಮೇಲೆ ಒಂದು ಸುತ್ತು ಓಡಿ ತೋರಿಸು ಅಂದರು. ಅಲ್ಲಿಗೆ ಆ ಕೆಲಸ ಮುಗಿಯಿತು.

“ಇನ್ನು ಬರಲ್ಲ ಅಂದ್ಮೇಲೆ ಇವತ್ತು ನೋಡೇಬಿಡ್ತೀನಿ,” ಎಂದು ದೊಡ್ಡಮ್ಮ ನಮ್ಮನ್ನೂ ಕರೆದರು. ಎಲ್ಲರೂ ಕೂತೆವು. ಮುಳ್ಳಣ್ಣನ ಹೆಂಡತಿ ನಡುವೆ ಎದ್ದು ನೀರು ಕುಡಿದು ಬಂದಳು. ಜಾಹೀರಾತು ಬಂದಾಗ ಮಗಳು ಹಾಡಿನ ಕಡೆ ತಿರುಗಿಸಿ, ಒಂದು ಪಲ್ಲವಿ ಕೇಳಿ ಮತ್ತೆ ಕುಸ್ತಿಗೆ ಬಂದಳು. ನನ್ನ ಹೆಂಡತಿ ತಡವಾಗಿ ಬಂದು, ಇವನು ಯಾರು ಅವನು ಯಾರು ಎಂದು ಕೇಳಿದಳು. ಎಷ್ಟು ಸಹಜವಾದ ಪ್ರೇಕ್ಷಕರು! ಮುಳ್ಳಣ್ಣ ಆ ಧೂಳಿಲ್ಲದ ಚೌಕವನ್ನೇ ನೋಡುತ್ತಿದ್ದ. ಅವನ ಹೆಬ್ಬೆರಳು ಮಂಡಿಯ ಮೇಲೆ ತಾನಾಗಿ ಒತ್ತುತ್ತಿತ್ತು, ಒಂದು, ಎರಡು, ಮೂರು, ನಾಲ್ಕು.

ಪರದೆಯ ಮೇಲೆ ಗೂಳಿಯಂಥವನೊಬ್ಬ ಸಿಡಿಲನ್ನು ತಲೆಯ ಮೇಲೆತ್ತಿ ಒಗೆದ. ರೆಫರಿ ನೆಲ ಬಡಿದು ಎಣಿಸತೊಡಗಿದ.

ದೊಡ್ಡಮ್ಮ ಎದ್ದುನಿಂತರು. “ಏಳೋ ಮಗಾ! ಏಳೋ!”

ಪಕ್ಕದಲ್ಲೇ ಕೂತಿದ್ದ ಚಿಕ್ಕ ಮಗ ಅವರ ಸೆರಗು ಹಿಡಿದು ಜಗ್ಗಿದ. “ಏಳಲ್ಲಮ್ಮ, ಕೂತ್ಕೋ. ಏಳೋದು ಅದ್ರಲ್ಲಿ ಬರೆದಿಲ್ಲ.”

“ಯಾವನೋ ಅವನು ಬರೆದೋನು? ಕರೀ ಅವನ್ನ. ನಾನು ಮಾತಾಡ್ತೀನಿ.”

“ಅವನ ಕೆಲಸಾನೂ ಹೋಯ್ತಮ್ಮ,” ಎಂದ ತಮ್ಮ.