ಎರಡನೇ ಯಂತ್ರ ಎದ್ದ ಭಾನುವಾರ

ಕುಚ್ಚಲಕ್ಕಿಯ ಗಂಜಿ ಬಸಿಯುತ್ತಿದ್ದೆ. ಪಕ್ಕದ ದಿನಸಿ ಅಂಗಡಿಯವರು ಬೇಲಿಯಾಚೆಯಿಂದ ಕರೆದರು. ಕಾಪುವಿನ ನಮ್ಮ ಓಣಿಯಲ್ಲಿ ಫೋನು ಇದ್ದದ್ದು ಅವರಲ್ಲಿ ಮಾತ್ರ.

“ಬಾಯಮ್ಮ, ಮಣಿಪಾಲದಿಂದ ನಿಮ್ಮವರ ಫೋನ್. ಕಾರ್ಕಳಕ್ಕೆ ಬರ್ಲಿಕ್ಕೆ ಆಗುದಿಲ್ಲವಂತೆ. ನೀವು ಹೋಗ್ಬೇಕಂತೆ.”

“ಎರಡನೇ ಮಿಷಿನ್ ಏಳ್ಲಿಲ್ವಂತಾ?”

“ಎದ್ದಿದೆಯಂತೆ ಮಾರಾಯ್ರೆ! ಆದ್ರೆ ಒಂದೇ ಜಮೆಯನ್ನು ಎರಡು ಸಲ ಬರ್ದಿದೆಯಂತೆ. ನಾನು ಹಾಗೆ ಬರೆದ್ರೆ ಗಿರಾಕಿಗಳು ನನ್ನ ಮಂಡೆ ಒಡೀತಾರೆ.”

ಎಂಬತ್ತರ ದಶಕದ ಕೊನೆ. ನನ್ನ ಗಂಡ ಮಣಿಪಾಲದ ಒಂದು ಬ್ಯಾಂಕ್ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ಶಾಖೆಗಳ ವ್ಯವಹಾರವೆಲ್ಲ ಅಲ್ಲಿಗೇ ಬರುತ್ತಿತ್ತು. ದುಡಿಯುವ ಯಂತ್ರದ ಪಕ್ಕದಲ್ಲೇ ಇನ್ನೊಂದು ಕಾದಿರುತ್ತಿತ್ತು. ಮೊದಲನೆಯದು ನಿಂತರೆ, ಬಿಟ್ಟಲ್ಲಿಂದಲೇ ಎರಡನೆಯದು ಹಿಡಿಯಬೇಕು. ಶಾಖೆಯವರಿಗೆ ಗೊತ್ತೇ ಆಗಬಾರದು. ಹಿಡಿಯುತ್ತದೋ ಇಲ್ಲವೋ ನೋಡಲು ಶಾಖೆಗಳಿಗೆ ರಜೆಯಿರುವ ಭಾನುವಾರಗಳಲ್ಲಿ ಬೇಕೆಂದೇ ಮೊದಲನೆಯದನ್ನು ನಿಲ್ಲಿಸುತ್ತಿದ್ದರು. ಹಾಗಾಗಿ ಹೆಚ್ಚಿನ ಭಾನುವಾರ ಇಗರ್ಜಿಯ ಪೂಜೆಗೆ ನಾನೊಬ್ಬಳೇ.

“ಮಿಷಿನ್ ಎರಡು ಉಂಟು, ನಿಮ್ಮಂಥವರು ಇನ್ನೊಬ್ಬರು ಇಲ್ವಾ?” ಎಂದು ಒಮ್ಮೆ ಕೇಳಿದ್ದೆ.

“ಅದನ್ನು ದೊಡ್ಡವರಿಗೆ ಹೇಳು,” ಎಂದು ನಕ್ಕಿದ್ದರು.

ಅಂದು ನಮ್ಮ ಮಗುವಿನ ವರ್ಷದ ಪೂಜೆ. ಕಾರ್ಕಳದ ತವರಿನಲ್ಲಿ ಹುಟ್ಟಿ ಮೂರೇ ದಿನ ಇದ್ದ ಮಗು. ಉಸಿರು ನಿಲ್ಲುವ ಮೊದಲೇ ಅಮ್ಮ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಟ್ಟಿದ್ದರು, ಅದೊಂದು ದೇವರ ದಯೆ. ಇವರು ಬಂದು ತಲುಪುವಾಗ ಮಣ್ಣು ಮಾಡಿ ಆಗಿತ್ತು. ಗೋರಿಯ ಹತ್ತಿರ ಹೋಗುವ ಧೈರ್ಯ ಅವರಿಗೆ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈ ಸಲ ಖಂಡಿತ ಬರುತ್ತೇನೆ, ಮಧ್ಯಾಹ್ನಕ್ಕೆ ಪರೀಕ್ಷೆ ಮುಗಿಯುತ್ತದೆ ಎಂದು ಮಾತು ಕೊಟ್ಟಿದ್ದರು. ಒಂದು ವಾರ ಜಪಸರ ಹಿಡಿದು ನಾನು ಆ ಯಂತ್ರಕ್ಕಾಗಿ ಬೇಡಿಕೊಂಡಿದ್ದೆ. ನಗಬೇಡಿ.

ಒಬ್ಬಳೇ ಹೊರಟೆ. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ನಿಂತೇ ಇತ್ತು, ಕಿಟಕಿ ಬದಿಯ ಸೀಟೂ ಸಿಕ್ಕಿತು. ಅಷ್ಟಕ್ಕೆ ದೇವರಿಗೆ ಸ್ತೋತ್ರ ಹೇಳಿದೆ. ಪೂಜೆಯಲ್ಲಿ ಪಕ್ಕದ ಜಾಗ ಯಾರಿಗೂ ಬಿಡದೆ ಸೆರಗು ಹರಡಿ ಕೂತಿದ್ದೆ, ಯಾಕೆಂದು ನನಗೇ ಗೊತ್ತಿಲ್ಲ.

ಸಂಜೆ ನಾನು ಮನೆ ಮುಟ್ಟುವಾಗ ಇವರು ಮೆಟ್ಟಿಲ ಮೇಲೆ ಕೂತಿದ್ದರು. ಇನ್ನು ಎರಡು ಸಲ ಬರೆಯುವುದಿಲ್ಲ, ಸರಿಮಾಡಿದೆವು ಎಂದರು. ನಾನು ಚಪ್ಪಲಿ ಬಿಚ್ಚಿಟ್ಟೆ. ಅವರು ನೆಲ ನೋಡುತ್ತಲೇ ಕೇಳಿದರು:

“ಹುಲ್ಲು ಬಂದಿದೆಯಾ, ಅಲ್ಲಿ?”

“ಬಂದಿತ್ತು. ಕಿತ್ತೆ.”

ಅವರು ನನ್ನ ಕೈ ನೋಡಿದರು. ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಬರುವ ಭಾನುವಾರ ಒಟ್ಟಿಗೆ ಹೋಗುವಾ ಎನ್ನಲಿಲ್ಲ. ಸುಳ್ಳು ಮಾತು ಕೊಡಲಿಲ್ಲವಲ್ಲ, ಅದೂ ಒಂದು ದಯೆಯೇ. ಹಿತ್ತಲಲ್ಲಿ ಒಣಗಿದ ಬಟ್ಟೆ ಮಂಜಿಗೆ ಥಂಡಿಯಾಗುತ್ತದೆಂದು ಎತ್ತಿ ತರಲು ಹೋದೆ.