ಸರೋಜತ್ತೆಗೆ ಕೇಳಿಸಿದ್ದು

ಪಿತ್ತಕೋಶದಲ್ಲಿ ಕಲ್ಲು ಬೆಳೆಸಿಕೊಂಡು ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ನಾನಾಗಿ ಕೂಡಿಟ್ಟದ್ದು ಅದೊಂದೇ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಅರಿವಳಿಕೆ ಕೊಡುವ ಡಾಕ್ಟರು ನನ್ನ ಮಗಳ ವಯಸ್ಸಿನವಳು. ಬಿ.ಪಿ., ಶುಗರ್ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ ಅಂಕಲ್, ನೀವು ಆರ್ಯವೈಶ್ಯರಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಹೆಸರಿನ ಕೊನೆಗಿದ್ದ ಶೆಟ್ಟಿಯನ್ನು ಕಾಲೇಜಿನಲ್ಲೇ ಕಿತ್ತುಹಾಕಿದ ಮಹಾನುಭಾವ ನಾನು. "ಮನೆ ಬಾಡಿಗೆಗೆ ಕೊಡೋರು ಜಾತಿ ಕೇಳ್ತಾರೆ. ನೀವೂ ಶುರು ಮಾಡಿದ್ರೇನಮ್ಮ?" ಎಂದೆ.

ಆಕೆ ಬೇಸರಿಸಲಿಲ್ಲ. ಆಪರೇಷನ್ನಿಗೆ ಮುಂಚೆ ಸ್ನಾಯುಗಳನ್ನು ಸಡಿಲಿಸುವ ಔಷಧಿಯೊಂದಿದೆಯಂತೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ನಿಮಿಷಗಳಲ್ಲಿ ಕರಗಿಸಿಬಿಡುತ್ತದಂತೆ. ಕೆಲವರಿಗೆ ಆ ಕಿಣ್ವ ಹುಟ್ಟಿನಿಂದಲೇ ಸರಿಯಿರುವುದಿಲ್ಲ. ನಮ್ಮ ಜನರಲ್ಲಿ ಅಂಥವರು ಸ್ವಲ್ಪ ಹೆಚ್ಚು. ಒಳಗೊಳಗೇ ಹೆಣ್ಣು ತರುವ ಮನೆಗಳಲ್ಲಂತೂ ತಂದೆ ತಾಯಿ ಇಬ್ಬರ ಕಡೆಯಿಂದಲೂ ಆ ದೋಷ ಬಂದು ಕೂಡಿಕೊಳ್ಳಬಹುದು.

"ಅಂಥೋರಿಗೆ ಆ ಔಷಧಿ ಗಂಟೆಗಟ್ಲೆ ಇಳಿಯಲ್ಲ ಅಂಕಲ್. ನಿದ್ದೆ ಔಷಧಿ ಮೊದಲು ಇಳಿದ್ರೆ, ಪಾಪ, ಎಲ್ಲಾ ಕೇಳಿಸ್ತಿರುತ್ತೆ, ರೆಪ್ಪೆ ಎತ್ತೋಕೂ ಆಗಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಹಿಂಗಾಗಿತ್ತಾ?"

ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ.

ಸರೋಜತ್ತೆ ನಮ್ಮಪ್ಪನ ತಂಗಿ. ಆಕೆಯನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು; ನಮ್ಮಲ್ಲಿ ಅದು ರೂಢಿ. ಮಾವನಿಗೆ ದೇವರಾಜ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ. ಅರಿಶಿನದ ಕೊಂಬು, ಕರ್ಪೂರ, ಶುಂಠಿಗಳ ನಡುವೆ ಕೂತ ಆ ಮನುಷ್ಯ ಹೆಂಡತಿಯ ಮುಂದೆ "ಊಟ ಆಯ್ತಾ" ಎಂಬುದಕ್ಕಿಂತ ದೊಡ್ಡ ಪ್ರೇಮಸಂಭಾಷಣೆ ನಡೆಸಿದ್ದನ್ನು ಯಾರೂ ಕೇಳಿದವರಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತೆಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಬೆಳಿಗ್ಗೆ ಮುಗಿದರೂ ಮಧ್ಯಾಹ್ನದವರೆಗೆ ಅತ್ತೆ ಕದಲಲಿಲ್ಲ, ತಾನಾಗಿ ಉಸಿರಾಡಲೂ ಇಲ್ಲ. ಡಾಕ್ಟರೇ ರಬ್ಬರ್ ಚೀಲ ಅಮುಕಿ ಉಸಿರು ತುಂಬುತ್ತ ಕೂತಿದ್ದರು. ಗುರುತಿನ ದನಿಗಾದರೂ ಎಚ್ಚರವಾದೀತೇನೋ ಎಂದು ಮಾವನನ್ನು ಒಳಗೆ ಕರೆದರು. ಸಂಜೆಗೆ ಅತ್ತೆ ಬೆರಳಾಡಿಸಿದರು.

ಮನೆಗೆ ಬಂದ ಮೇಲೆ, ಅವರೆಕಾಳು ಹಿದುಕುತ್ತ ಎಲ್ಲರ ಎದುರೂ ಹೇಳಿದರು: "ನಂಗೆ ಎಲ್ಲಾ ಕೇಳಿಸ್ತಿತ್ತು ಕಣ್ರೀ. ಇವರು ನನ್ನ ಕೈ ಹಿಡ್ಕೊಂಡು ಅತ್ರು. 'ಮಗು ಆಗಿದ್ದಾಗ ಎತ್ತಿ ಆಡಿಸಿದೀನಿ ಕಣೇ ನಿನ್ನ, ನನ್ನ ಬಿಟ್ಟು ಹೋಗ್ಬೇಡ್ವೇ' ಅಂದ್ರು."

ಮನೆಯೆಲ್ಲ ನಗು. "ಮತ್ತಿನಲ್ಲಿ ಕನಸು ಬಿದ್ದಿರುತ್ತೆ ಬುಡಮ್ಮ," ಎಂದರು ನಮ್ಮಜ್ಜಿ. ಮಾವ, "ಅಳೋಕೆ ನಂಗೇನು ಬಂದಿತ್ತು?" ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೇಬಿಟ್ಟರು. ಅತ್ತೆ ಆಮೇಲೂ ಎಷ್ಟೋ ಸಲ ಕೇಳಿದರು. ಮಾವನದು ಅದೇ ಉತ್ತರ. ಕೊನೆಕೊನೆಗೆ ಅತ್ತೆಯೇ "ಕನಸೋ ಏನೋ" ಎನ್ನತೊಡಗಿದರು. ಮಾವ ಹೋದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಕನಸನ್ನು ನಂಬಿ ಗಂಡನನ್ನು ನೆನೆಯುವುದು ಹೇಗೆ, ನೀವೇ ಹೇಳಿ.

ಡಾಕ್ಟರಿಗೆ ಇಷ್ಟೂ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿದಳು. "ಅದೇ ಇರ್ಬೇಕು ಅಂಕಲ್. ಅವರ ರಕ್ತಾನೂ ಒಂದ್ಸಲ ನೋಡೋಣ. ಆದ್ರೆ ಅವರು ಹೇಳಿದ್ದು ಕನಸಲ್ಲ ಅನ್ಸುತ್ತೆ." ನನ್ನ ರಕ್ತಪರೀಕ್ಷೆಗೆ ಬರೆದುಕೊಟ್ಟು, ನನಗೆ ಬೇರೆ ಔಷಧಿ ಕೊಡುವುದಾಗಿ ಹೇಳಿದಳು.

ಹೊರಗಿನ ಬೆಂಚಿನಲ್ಲಿ ಕೂತು ಚಾಮರಾಜಪುರಂಗೆ, ಮಗನ ಮನೆಯಲ್ಲಿರುವ ಅತ್ತೆಗೆ, ಫೋನ್ ಮಾಡಿದೆ. ಕಿಣ್ವ, ಔಷಧಿ ಎಲ್ಲ ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ.

"ಅಂದ್ರೆ ಅವರು ಅತ್ತಿದ್ದು ನಿಜಾನೇನೋ?"

"ನಿಜ ಅತ್ತೆ."

"ನೋಡು ಮತ್ತೆ," ಎಂದರು. ಅತ್ತೆ ನಗುತ್ತಿದ್ದರು. "ಸಾಯೋವರ್ಗೂ ಸುಳ್ಳು ಹೇಳ್ಬುಟ್ರಲ್ಲೋ ನಂಗೆ, ಕಳ್ಳ."